ಒಂದೇ ಹಾವು, ರೆಕ್ಕೆ ಇಲ್ಲ

ನಿಮ್ಮ ಲೇಖನ ಚೆನ್ನಾಗಿದೆ, ಆದರೆ ಅದರಲ್ಲಿ ವೈದ್ಯಕೀಯ ಚಿಹ್ನೆ ಅಂತ ಹಾಕಿರುವ ಎರಡು ಹಾವಿನ ಕೋಲಿನ ಚಿತ್ರ ತಪ್ಪು. ಎರಡು ಹಾವು ಸುತ್ತಿದ ರೆಕ್ಕೆಯ ಕೋಲು ಗ್ರೀಕರ ಹರ್ಮಿಸ್‌ನದು. ಅವನು ದೂತ, ವ್ಯಾಪಾರಿಗಳ ದೇವರು. ವೈದ್ಯರ ದೇವರು ಅಸ್ಕ್ಲೀಪಿಯಸ್. ಅವನದು ಸಾದಾ ಊರುಗೋಲು, ಒಂದೇ ಹಾವು. ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲೂ ಅದೇ ಇದೆ. 1902ರಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗ ಎರಡು ಹಾವಿನದನ್ನು ಆರಿಸಿಕೊಂಡ ಮೇಲೆ ಗೊಂದಲ ಜಾಸ್ತಿಯಾಯಿತು.

ಗ್ರೀಸಿನ ಎಪಿಡಾರಸ್ ಎಂಬ ಊರಿನಲ್ಲಿದ್ದ ಅಸ್ಕ್ಲೀಪಿಯಸ್‌ನ ಗುಡಿಯ ಬಗ್ಗೆಯೂ ಬರೆಯಬೇಕಿತ್ತು. ದೇವರು ಕನಸಲ್ಲಿ ಬಂದು ವಾಸಿ ಮಾಡುತ್ತಾನೆ ಅಂತ ರೋಗಿಗಳು ರಾತ್ರಿ ಅಲ್ಲೇ ಮಲಗುತ್ತಿದ್ದರು. ಹಾವುಗಳೂ ಅಲ್ಲೇ ಇರುತ್ತಿದ್ದವು. ಹಾವೊಂದು ನೆಕ್ಕಿದ್ದಕ್ಕೆ ಒಬ್ಬನ ಕಾಲ್ಬೆರಳಿನ ಹುಣ್ಣು ಮಾಯವಾಯಿತು ಎಂದು ಅಲ್ಲಿನ ಕಲ್ಲಿನ ಶಾಸನದಲ್ಲೇ ಇದೆ! ಪೊರೆ ಕಳಚಿ ಹೊಸದಾಗುವ ಜೀವ ಅಲ್ವಾ, ಅವರಿಗೆ ಅಷ್ಟು ನಂಬಿಕೆ. ದಯವಿಟ್ಟು ಚಿತ್ರ ಬದಲಿಸಿ.