ಯಂತ್ರ ಸುಮ್ಮನಿದ್ದರೆ ಮಳೆ ನಿಂತಿದೆ ಎಂದಲ್ಲ

ಅಂಗಳದ ಮೂಲೆಯ ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡು ತಾನೇ ಮಳೆ ಅಳೆದು, ತಾನೇ ಅದನ್ನು ಸಾಮಾಜಿಕ ಜಾಲತಾಣದಲ್ಲಿ ಬರೆಯುವ ವ್ಯವಸ್ಥೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಾರರಿಗೆ ನಿಜಕ್ಕೂ ಉಪಯೋಗದ್ದು ಎಂದು ನಂಬಿದವನು ನಾನು. ನನ್ನ ಮನೆಯಲ್ಲೂ ಅಂಥದ್ದೊಂದು ಇದೆ. ಆದರೆ ಇದನ್ನು ಕಟ್ಟುವವರು, ಹೆಚ್ಚಾಗಿ ಇಂಜಿನಿಯರಿಂಗ್ ಓದುವ ನಮ್ಮ ಹುಡುಗರು, ಬೋರ್ಡು ಏನು ಬರೆಯಬೇಕು ಎಂಬುದಕ್ಕೆ ತಲೆ ಕೆಡಿಸಿಕೊಂಡಷ್ಟು, ಅದು ಏನೂ ಬರೆಯದಿದ್ದಾಗ ಓದುವವರು ಏನೆಂದು ತಿಳಿಯಬೇಕು ಎಂಬುದಕ್ಕೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯ ಮಳೆಗಾಲದಲ್ಲಿ ಎರಡನೆಯದೇ ದೊಡ್ಡ ಪ್ರಶ್ನೆ.

ಪಂಚಾಯಿತಿ ಮಟ್ಟದಲ್ಲಿ ಸರ್ಕಾರದ ಮಳೆ ಮಾಪಕಗಳು ಇರುವಾಗ ಇದೇಕೆ ಎಂದು ಕೇಳಬಹುದು. ಘಟ್ಟದ ಮೇಲೆ ಒಂದು ಗುಡ್ಡದ ಆಚೆ ಬಿದ್ದ ಮಳೆ ಈಚೆ ಬೀಳುವುದಿಲ್ಲ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮದ್ದನ್ನು ಮಳೆ ಬಿಟ್ಟ ಹೊತ್ತು ನೋಡಿಯೇ ಹೊಡೆಸಬೇಕು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಅವರನ್ನು ಕರೆಸುವ ದಿನವನ್ನು ಬೆಂಗಳೂರಿನಲ್ಲಿ ಕುಳಿತ ಮಗನೋ ಮಗಳೋ ಗೊತ್ತು ಮಾಡುವ ಮನೆಗಳು ಹೆಚ್ಚುತ್ತಿವೆ. ಅಂಥವರಿಗೆ ಸ್ವಂತ ತೋಟದ ಅಳತೆ ಫೋನಿಗೆ ಬಂದು ಬಿದ್ದರೆ ದೊಡ್ಡ ಅನುಕೂಲ.

ಅಳೆಯುವ ಭಾಗ ಸರಳವಾದದ್ದು. ಆಲಿಕೆಯ ಕೆಳಗೆ ತೊಟ್ಟಿಲಿನಂತೆ ಆಡುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಮಗುಚುವಾಗ ಅದಕ್ಕೆ ಅಂಟಿಸಿದ ಅಯಸ್ಕಾಂತ ಒಂದು ಸ್ವಿಚ್ಚಿನ ಮುಂದೆ ಹಾದು ಹೋಗುತ್ತದೆ, ಬೋರ್ಡು ಒಂದು ಎಣಿಸುತ್ತದೆ. ಆಲಿಕೆಯ ಬಾಯಿ 100 ಚದರ ಸೆಂಟಿಮೀಟರ್ ಇದ್ದು ಬಟ್ಟಲು 2 ಮಿಲಿಲೀಟರಿಗೆ ಮಗುಚಿದರೆ ಒಂದೊಂದು ಎಣಿಕೆಗೂ 0.2 ಮಿಲಿಮೀಟರ್ ಮಳೆ. ಸ್ವಿಚ್ಚು ಒಮ್ಮೆ ಮುಚ್ಚುವಾಗ ಕ್ಷಣಮಾತ್ರದಲ್ಲಿ ನಾಲ್ಕಾರು ಸಲ ನಡುಗುವುದರಿಂದ, ಆ ನಡುಕವನ್ನು ಲೆಕ್ಕಕ್ಕೆ ಹಿಡಿಯದಂತೆ ಬೋರ್ಡಿಗೆ ಬರೆಯುವ ಪ್ರೋಗ್ರಾಂನಲ್ಲಿ, ಅಂದರೆ ಕೋಡಿನಲ್ಲೇ, ನೋಡಿಕೊಳ್ಳಬೇಕು. ಆಲಿಕೆಯಲ್ಲಿ ಇರುವೆ ಗೂಡು ಕಟ್ಟಿದರೆ ಮಾತ್ರ ಯಾವ ಕೋಡೂ ನೆರವಿಗೆ ಬರುವುದಿಲ್ಲ.

ಬರೆಯುವ ಭಾಗವೇ ತೊಡಕಿನದು. 2014ರಲ್ಲಿ ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ ಹವ್ಯಾಸಿಗಳ ಕೈಗೆ ಬಂದ ಮೇಲೆ ವೈಫೈ ಇರುವ ಬೋರ್ಡು ಅಗ್ಗವಾಯಿತು. ಆದರೆ ಜಾಲತಾಣಗಳ ಬಾಗಿಲು ಅಷ್ಟೇ ವೇಗದಲ್ಲಿ ಕಿರಿದಾಗುತ್ತ ಬಂದಿದೆ. ಬರೀ ಪಾಸ್‌ವರ್ಡ್ ಕೊಟ್ಟು ಕಂಪ್ಯೂಟರ್ ಪ್ರೋಗ್ರಾಂ ಒಂದು ಟ್ವೀಟ್ ಮಾಡುವುದು 2010ರಲ್ಲೇ ನಿಂತಿತು. 2018ರ ಆಗಸ್ಟ್ 1ರಿಂದ ಫೇಸ್‌ಬುಕ್ ವ್ಯಕ್ತಿಗಳ ಸ್ವಂತ ಖಾತೆಯಲ್ಲಿ ಹೊರಗಿನ ಪ್ರೋಗ್ರಾಂಗಳು ಬರೆಯುವ ಅನುಮತಿಯನ್ನು ತೆಗೆದುಹಾಕಿತು. ಈಗ ಪೇಜುಗಳಿಗೆ ಮಾತ್ರ ಆ ದಾರಿ ಉಳಿದಿದೆ. 2023ರ ಫೆಬ್ರವರಿಯಲ್ಲಿ ಪ್ರೋಗ್ರಾಂಗಳಿಗೆ ಉಚಿತ ಪ್ರವೇಶ ನಿಲ್ಲಿಸುವುದಾಗಿ ಟ್ವಿಟರ್ ಪ್ರಕಟಿಸಿದ ಬಳಿಕ ಎಷ್ಟೋ ಸ್ವಯಂಚಾಲಿತ ಖಾತೆಗಳು ಮುಚ್ಚಿಹೋದವು. ಇವತ್ತು ಸುಲಭವೆಂದರೆ ಟೆಲಿಗ್ರಾಂ ಬಾಟ್ (ಯಂತ್ರವೇ ನಡೆಸುವ ಖಾತೆ) ಮತ್ತು ಟ್ವಿಟರಿನಂಥ ಇನ್ನೊಂದು ತಾಣವಾದ ಮಾಸ್ಟೊಡಾನ್. ಒಂದು ಟೋಕನ್ (ಬೋರ್ಡಿಗೆ ಬರೆಯಲು ಬಿಡುವ ಗುಟ್ಟಿನ ಕೀಲಿಪದ), ಕಳುಹಿಸಬೇಕಾದ ಒಂದು ಸಾಲು, ಅಷ್ಟು ಸಾಕು.

ಬಾಗಿಲು ತೆರೆದಿದ್ದರೂ ಬೋರ್ಡು ಒಮ್ಮೊಮ್ಮೆ ಹೊರಗೇ ನಿಲ್ಲುತ್ತದೆ. ಸುರಕ್ಷಿತ ಸಂಪರ್ಕಕ್ಕೆ ಎದುರಿನ ಸರ್ವರಿನ (ಜಾಲತಾಣ ನಡೆಸುವ ಕಂಪ್ಯೂಟರಿನ) ಪ್ರಮಾಣಪತ್ರವನ್ನು, ಅಂದರೆ ಅದರ ಡಿಜಿಟಲ್ ಗುರುತಿನ ಚೀಟಿಯನ್ನು ಪರೀಕ್ಷಿಸಬೇಕು, ಅದಕ್ಕೆ ಇವತ್ತಿನ ತಾರೀಖು ಗೊತ್ತಿರಬೇಕು. ಗಡಿಯಾರಕ್ಕೆ ಬೇರೆ ಬ್ಯಾಟರಿ ಇಲ್ಲದ ಬೋರ್ಡು ಕರೆಂಟು ಬಂದಾಗಲೆಲ್ಲ 1970ರ ಜನವರಿ 1ಕ್ಕೆ ಎಚ್ಚರಗೊಳ್ಳುತ್ತದೆ. ಇಂಟರ್ನೆಟ್ಟಿನಿಂದ ಸಮಯ ತಂದುಕೊಳ್ಳುವವರೆಗೆ ಅದಕ್ಕೆ ಎಲ್ಲ ಪ್ರಮಾಣಪತ್ರಗಳೂ ಇನ್ನೂ ಹುಟ್ಟದವುಗಳಾಗಿಯೇ ಕಾಣುತ್ತವೆ. ಅವುಗಳನ್ನು ತಾಳೆ ನೋಡಲೆಂದು ಕೋಡಿನೊಳಗೆ ಬರೆದಿಟ್ಟ ಮೂಲ ಪ್ರಮಾಣಪತ್ರಕ್ಕೂ ಕೊನೆಯ ದಿನ ಇರುತ್ತದೆ. 2021ರ ಸೆಪ್ಟೆಂಬರ್ 30ರಂದು ಅಂಥದ್ದೊಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಅದನ್ನೇ ನಂಬಿದ್ದ ಹಳೆಯ ಉಪಕರಣಗಳು ಜಗತ್ತಿನಾದ್ಯಂತ ಹಲವು ಜಾಲತಾಣಗಳನ್ನು ತಲುಪಲಾರದೇ ಹೋದವು. ಪರೀಕ್ಷೆಯೇ ಬೇಡ ಎಂದು ಕೋಡಿನಲ್ಲಿ ಒಂದು ಸಾಲು ಬರೆದು ಪಾರಾಗುವುದು ರೂಢಿಯಾಗಿದೆ. ಹಾಗೆ ಮಾಡಿದರೆ ನಡುವೆ ಯಾರಾದರೂ ಸರ್ವರಿನ ಸೋಗು ಹಾಕಿ ಟೋಕನ್ ಎಗರಿಸಬಹುದು, ಆಮೇಲೆ ನಿಮ್ಮ ಊರಿನ ಮಳೆಯನ್ನು ಅವರೇ ಬರೆಯುತ್ತಾರೆ.

ಇವೆಲ್ಲವುಗಳಿಗಿಂತ ಮೊದಲಿನ ಕಾರಣ ಕರೆಂಟು. ಮಳೆ ಜೋರಾದಷ್ಟೂ ಮರ ಬೀಳುತ್ತದೆ, ತಂತಿ ಹರಿಯುತ್ತದೆ, ಮನೆಯ ಇನ್ವರ್ಟರ್ ಮುಗಿದು ರೌಟರ್ ಆರುತ್ತದೆ, ಕೊನೆಗೆ ಮೊಬೈಲ್ ಟವರೂ ಮಲಗುತ್ತದೆ. ಅಂದರೆ ಅಳತೆ ಅತಿ ಹೆಚ್ಚು ಬೇಕಾದ ದಿನವೇ ಬೋರ್ಡಿನ ಬಾಯಿ ಕಟ್ಟುತ್ತದೆ. ನಮ್ಮ ಸೀಮೆಯ ಒಂದು ಮನೆಯ ಮಗ ಬೆಂಗಳೂರಿನಿಂದ ಫೋನು ಮಾಡಿ, "ಅಪ್ಪಯ್ಯ, ಎರಡು ದಿನದಿಂದ ಮಳೆ ಇಲ್ಲೆ ಅಲ್ದ, ಮದ್ದು ಹೊಡಸಲಾಗ?" ಎಂದು ಕೇಳಿದನಂತೆ. "ಇಲ್ಲಿ ಹಳ್ಳ ತುಂಬಿ ಹರೀತಾ ಇದ್ದು, ಕರೆಂಟು ಇಲ್ಲೆ ಅಷ್ಟೇಯ" ಎಂಬುದು ಅಪ್ಪನ ಉತ್ತರ. ಆ ಮನೆಯ ಬೋರ್ಡು ಮಳೆ ಬಂದಾಗ ಮಾತ್ರ ಬರೆಯುವಂತೆ ಕಟ್ಟಿದ್ದು. ಹಾಗೆ ಕಟ್ಟಿದರೆ ಸೊನ್ನೆಗೂ ಸಾವಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಆದ್ದರಿಂದ ಮಳೆ ಇರಲಿ ಬಿಡಲಿ, ಬೆಳಿಗ್ಗೆ 8.30ಕ್ಕೆ ಒಂದು ಸಾಲು ಬರಲೇಬೇಕು. ಹವಾಮಾನ ಇಲಾಖೆಯೂ 24 ಗಂಟೆಯ ಮಳೆಯನ್ನು ಅದೇ ಹೊತ್ತಿಗೆ ಮುಗಿಸುವುದರಿಂದ ಹೋಲಿಸಲೂ ಅನುಕೂಲ. ಬೋರ್ಡಿಗೆ ಸ್ವಂತ ಬ್ಯಾಟರಿ ಇರಲಿ, ಎಣಿಕೆ ಕರೆಂಟು ಹೋದರೂ ಅಳಿಯದ ನೆನಪಿನಲ್ಲಿ ಉಳಿಯಲಿ, ಸಂಪರ್ಕ ಮರಳಿದಾಗ ಕಳುಹಿಸುವ ಸಾಲಿನಲ್ಲಿ ಅಳೆದ ಹೊತ್ತನ್ನೂ ಕಾಣಿಸಲಿ. ಆಷಾಢದ ಮೋಡದಡಿ ಸೋಲಾರ್ ಫಲಕ ನೆಚ್ಚಿದವರು ದೊಡ್ಡ ಬ್ಯಾಟರಿಯನ್ನೇ ಹಾಕಬೇಕಾಗುತ್ತದೆ.

ಆದರೂ ಸತ್ತ ಬೋರ್ಡು ತಾನು ಸತ್ತಿದ್ದೇನೆ ಎಂದು ಬರೆಯಲಾರದು. ಆ ಮಾತನ್ನು ಮಳೆಯಿಂದ ದೂರ ಇರುವ ಇನ್ನೊಂದು ಯಂತ್ರ ಹೇಳಬೇಕು. ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯಲ್ಲಿ ಇದಕ್ಕೆ ಮೊದಲೇ ಜಾಗವಿದೆ: ಬೋರ್ಡು ಸಂಪರ್ಕಕ್ಕೆ ಬಂದಾಗಲೇ ತನ್ನ ಉಯಿಲನ್ನು, ಅಂದರೆ ಕೊನೆಯ ಸಂದೇಶವನ್ನು, ನಡುವಿನ ಸರ್ವರಿಗೆ ಒಪ್ಪಿಸಿರುತ್ತದೆ, ಸಂಪರ್ಕ ಹೇಳದೆ ಕೇಳದೆ ಕಡಿದುಹೋದರೆ ಆ ಸರ್ವರ್ ಅದನ್ನು ಓದಿ ಹೇಳುತ್ತದೆ. 1999ರಲ್ಲಿ ತೈಲ ಕೊಳವೆಗಳ ನಿಗಾಕ್ಕಾಗಿ ಇದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮುಂದೆ ತಮ್ಮ ಮನೆಯಿಂದಲೇ ಟ್ವೀಟ್ ಮಾಡಿಸಿ ಹೆಸರಾದವರು. "ಶಿರಸಿ ಮಾಪಕದಿಂದ ಸಂಪರ್ಕ ತಪ್ಪಿದೆ, ಮಳೆ ಇಲ್ಲವೆಂದು ತಿಳಿಯಬೇಡಿ" ಎಂಬ ಸಾಲನ್ನು ಉಯಿಲಾಗಿ ಬರೆದಿಟ್ಟರೆ, ಅದನ್ನು ಸರ್ವರಿನಿಂದ ಜನ ಓದುವ ಟೆಲಿಗ್ರಾಂ ಚಾನೆಲ್ಲಿಗೆ ದಾಟಿಸುವುದು ಸಣ್ಣ ಕೆಲಸ.

ಕರಾವಳಿಯ ಗೆಳೆಯರು ಸೇತುವೆಯಡಿ ಸೆನ್ಸರ್ ಕಟ್ಟಿ ಹೊಳೆಯ ಮಟ್ಟ ಬರೆಸುವ ಮಾತಾಡುತ್ತಾರೆ. ಬರೆಸಲಿ, ಆದರೆ "ಅಪಾಯ" ಅಥವಾ "ಅಪಾಯವಿಲ್ಲ" ಎಂಬ ಪದಗಳನ್ನು ಕೋಡಿನೊಳಗೆ ಇಡಬಾರದು. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ನದಿ ದಂಡೆಯ ಊರುಗಳಿಗೆ ನುಗ್ಗಿದ್ದು ಆ ಊರಿನ ಅಂಗಳದಲ್ಲಿ ಬಿದ್ದ ಮಳೆಯಷ್ಟೇ ಅಲ್ಲ. ಗೇಟು ಎಷ್ಟು ತೆರೆದಿದೆ ಎಂಬುದು ಸೇತುವೆಯಡಿಯ ಸೆನ್ಸರಿಗೆ ನೀರು ಬಂದ ಮೇಲಷ್ಟೇ ತಿಳಿಯುತ್ತದೆ. ಅದು ಸೇತುವೆಯ ಒಂದು ಗುರುತಿನಿಂದ ನೀರು ಎಷ್ಟು ಕೆಳಗಿದೆ, ಅಳೆದದ್ದು ಎಷ್ಟು ಹೊತ್ತಿಗೆ ಎಂದಷ್ಟೇ ಬರೆಯಲಿ. ಊರು ಬಿಡಿ ಎನ್ನುವವರು ಜಿಲ್ಲಾಡಳಿತದವರು. ಅವರ ಸಹಾಯವಾಣಿ 1077 ಸಂಖ್ಯೆಯನ್ನು ಚಾನೆಲ್ಲಿನ ಪರಿಚಯದ ಮೊದಲ ಸಾಲಿನಲ್ಲೇ ಹಾಕಿ.