ಕೂದಲು ನೆಟ್ಟ ಡಾಕ್ಟರು, ತಲೆ ಬೋಳಿಸಿದ ಮಂತ್ರಿ

ನಿನ್ನೆ ಭಾವನ ಫೋನು ಜೇಬಿನೊಳಗಿಂದಲೇ ನನಗೆ ಕಾಲ್ ಮಾಡಿತು. ನಾಲ್ಕು ನಿಮಿಷ ಬಸ್ಸಿನ ಹಾರ್ನು, ಚಿಲ್ಲರೆ ಜಗಳ, ನಡುವೆ ನಾನು ವಾಪಸ್ ಕೊಡದ ಎರಡು ಸಾವಿರದ ಬಗ್ಗೆ ಒಂದೆರಡು ಸೊಗಸಾದ ಮಾತು. ಕಟ್ ಮಾಡೋಕೆ ಮನಸ್ಸು ಬರಲಿಲ್ಲ.

ಆಗ ನೆನಪಾದವರು ಫ್ರಾನ್ಸಿನ ಮಾಜಿ ಮಂತ್ರಿ ಜೆರೋಮ್ ಕಯುಜಾಕ್ ಸಾಹೇಬರು. 2000ನೇ ಇಸವಿಯಲ್ಲಿ ಅವರ ಫೋನೂ ಹೀಗೇ ತಪ್ಪಿ ಕಾಲ್ ಮಾಡಿತ್ತು. ಅದೂ ಯಾರಿಗೆ? ಊರಿನ ರಾಜಕೀಯ ಎದುರಾಳಿಗೆ! ಸ್ವಿಸ್ ಬ್ಯಾಂಕಿನ ಖಾತೆ ಇನ್ನೂ ಮುಚ್ಚಿಲ್ಲವಲ್ಲ ಅನ್ನೋ ಅವರ ಚಿಂತೆ ಎದುರಾಳಿಯ ವಾಯ್ಸ್‌ಮೇಲಿನಲ್ಲಿ ರೆಕಾರ್ಡ್ ಆಯಿತು. 12 ವರ್ಷ ಸುಮ್ನೆ ಕೂತಿತ್ತು, 2012ರಲ್ಲಿ ಬಯಲಿಗೆ ಬಂತು.

ಪಾಪ, ಮೂಲತಃ ಡಾಕ್ಟರು. ಬೋಳು ತಲೆಗೆ ಕೂದಲು ನೆಡುವುದರಲ್ಲಿ ಎತ್ತಿದ ಕೈ. ಹಿಂದಿನಿಂದ ಕಿತ್ತು ಮುಂದೆ ನೆಡುವ ಕಸುಬು ಅದು. ಹೊಸದಾಗಿ ಒಂದೆಳೆಯೂ ಹುಟ್ಟುವುದಿಲ್ಲ, ಇದ್ದದ್ದೇ ಜಾಗ ಬದಲಿಸುತ್ತದೆ. ಇಂಥವರನ್ನು ಬಜೆಟ್ ಮಂತ್ರಿ ಮಾಡಿದ್ದರಲ್ಲಿ ತಪ್ಪೇನಿದೆ ಹೇಳಿ? ಸ್ವಂತ ದುಡ್ಡನ್ನೂ 2009ರಲ್ಲಿ ಸ್ವಿಟ್ಜರ್ಲೆಂಡಿನಿಂದ ಕಿತ್ತು ಸಿಂಗಪುರದಲ್ಲಿ ನಾಟಿ ಮಾಡಿದರು. ಕೆಲವು ಪೇಷಂಟುಗಳ ಚೆಕ್ಕು ಹೋಗಿದ್ದು ಅಮ್ಮನ ಖಾತೆಗೆ. ಮಾತೃಭಕ್ತಿ ಅಂದ್ರೆ ಇದು! ಕೈಗೆ ನಗದು ಬೇಕಾದರೆ ಫೋನಲ್ಲಿ 'ಬರ್ಡಿ' ಅನ್ನೋ ಗುಟ್ಟಿನ ಹೆಸರು ಹೇಳಿದರೆ ಸಾಕು, ಪ್ಯಾರಿಸ್ಸಿನ ಬೀದಿಯಲ್ಲಿ 10,000 ಯೂರೋ. ಎರಡು ಸಲ ಹಾಗೆ ತರಿಸಿಕೊಂಡರು. ನಾವಿಲ್ಲಿ ಎಟಿಎಂ ಪಿನ್ ಮರೆತು ಕಾರ್ಡು ಬ್ಲಾಕ್ ಮಾಡಿಸಿಕೊಳ್ಳುತ್ತೇವೆ.

2012ರ ಡಿಸೆಂಬರ್ 5. ತೆರಿಗೆ ಕಳ್ಳರನ್ನು ಹಿಡಿಯಬೇಕಾದ ಮಂತ್ರಿ ಸಂಸತ್ತಿನಲ್ಲಿ ನಿಂತು, ವಿದೇಶದಲ್ಲಿ ನನಗೆ ಖಾತೆ ಇಲ್ಲ, ಹಿಂದೆಯೂ ಇರಲಿಲ್ಲ ಅಂದರು. 2013ರ ಏಪ್ರಿಲ್ 2ಕ್ಕೆ ಇದೆ ಅಂದರು, ಸುಮಾರು 6 ಲಕ್ಷ ಯೂರೋ. ಒಂದು ದಿನ ಮೊದಲೇ ಒಪ್ಪಿದ್ದರೆ ಏಪ್ರಿಲ್ ಫೂಲ್ ಅಂತ ತೇಲಿಸಬಹುದಿತ್ತು. ಆಮೇಲೆ ಎಲ್ಲ ಮಂತ್ರಿಗಳೂ ಆಸ್ತಿ ಪಟ್ಟಿ ಬಹಿರಂಗ ಮಾಡಬೇಕಾಯಿತು. ನ್ಯಾಯ ಮಂತ್ರಿ ಪಾಪ ತಮ್ಮ ಮೂರು ಸೈಕಲ್ಲನ್ನೂ ಬರೆದುಕೊಟ್ಟರು.

ಶಿಕ್ಷೆ? 2018ರ ಮೇಲ್ಮನವಿ ತೀರ್ಪಿನಲ್ಲಿ 4 ವರ್ಷ. ಅದರಲ್ಲಿ 2 ವರ್ಷ ಅಮಾನತು. ಉಳಿದದ್ದಕ್ಕೆ ಜೈಲಿಲ್ಲ, ಮೈಗೆ ಕಟ್ಟಿ ನಿಗಾ ಇಡುವ ಎಲೆಕ್ಟ್ರಾನಿಕ್ ಪಟ್ಟಿ. ಕಾರ್ಸಿಕಾ ದ್ವೀಪದಲ್ಲಿ ಮತ್ತೆ ಡಾಕ್ಟರಿಕೆ. ಬೇಲಿಯೇ ಎದ್ದು ಹೊಲ ಮೇಯುವುದು ನಮಗೆ ಗೊತ್ತು. ಮೇಯ್ದ ಬೇಲಿ 2024ರ ಸಂಸತ್ ಚುನಾವಣೆಯಲ್ಲಿ ಅದೇ ಹೊಲಕ್ಕೆ ಬಂದು, ನನ್ನನ್ನೇ ಮತ್ತೆ ನೆಡಿ ಅಂತ ವೋಟು ಕೇಳಿತು. ಮೊದಲ ಸುತ್ತಲ್ಲೇ ಸೋತರು, ನಿಜ. ಆದರೂ ಸಾವಿರಾರು ಜನ ಸಾಲಲ್ಲಿ ನಿಂತು ಅವರಿಗೇ ವೋಟು ಹಾಕಿದರಲ್ಲ, ಪ್ರತಿ ವರ್ಷ ತಪ್ಪದೆ ತೆರಿಗೆ ಕಟ್ಟುವ ಜನ. ಅವರ ಮೇಲೆ ಸಿಟ್ಟು ಕೂಡ ಬರುತ್ತಿಲ್ಲ. ಸುಸ್ತಾಗಿದೆ, ಅಷ್ಟೇ.