ಮತ ಕೇಳಿ ಗೆದ್ದ ಜಡ್ಜ್: ಟೆಕ್ಸಾಸ್‌ನಲ್ಲಿ ಆ ಕುರ್ಚಿ ಸಿಗುವುದು ಹೇಗೆ

ಕಾಸರಗೋಡು ಜಿಲ್ಲೆಯಲ್ಲಿ ಬೀಡಿ ಕಟ್ಟುತ್ತಾ ಓದಿದ ಸುರೇಂದ್ರನ್ ಕೆ. ಪಟ್ಟೇಲ್ 2023ರ ಜನವರಿಯಲ್ಲಿ ಟೆಕ್ಸಾಸ್‌ನ ಫೋರ್ಟ್ ಬೆಂಡ್ ಕೌಂಟಿಯ 240ನೇ ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶರಾದರು. ಆಗ ಎಲ್ಲ ಭಾಷೆಯ ಪತ್ರಿಕೆಗಳೂ ಅವರ ಬಾಲ್ಯದ ಬಡತನದ ಬಗ್ಗೆಯೇ ಬರೆದವು. ಅದು ಬರೆಯಬೇಕಾದ ಸಂಗತಿಯೇ. ಆದರೆ ಅವರು ಆ ಕುರ್ಚಿಗೆ ಬಂದ ದಾರಿಯನ್ನು ಯಾರೂ ಸರಿಯಾಗಿ ವಿವರಿಸಲಿಲ್ಲ. ನನಗೆ ಮುಖ್ಯ ಅನಿಸುವುದು ಅದೇ.

ನಮ್ಮೂರಲ್ಲಿ ವಕೀಲರು ಜಿಲ್ಲಾ ನ್ಯಾಯಾಧೀಶರಾಗಬೇಕಾದರೆ ಏಳು ವರ್ಷದ ವಕೀಲಿಕೆ ಬೇಕು, ಹೈಕೋರ್ಟ್ ಶಿಫಾರಸು ಬೇಕು, ನೇಮಕ ಮಾಡುವುದು ರಾಜ್ಯಪಾಲರು. ಟೆಕ್ಸಾಸ್‌ನಲ್ಲಿ ಕೊಲೆ, ದರೋಡೆಯಂಥ ಗಂಭೀರ ಪ್ರಕರಣ ನಡೆಸುವ ಜಿಲ್ಲಾ ನ್ಯಾಯಾಧೀಶರು ನಾಲ್ಕು ವರ್ಷಕ್ಕೊಮ್ಮೆ ಪಕ್ಷದ ಹೆಸರಿನಲ್ಲೇ ಚುನಾವಣೆಗೆ ನಿಲ್ಲುತ್ತಾರೆ. ಮೊದಲು ನಾಲ್ಕು ವರ್ಷದ ಅನುಭವವಿದ್ದರೆ ಸಾಕಿತ್ತು. 2021ರಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿಯಿಂದಾಗಿ, 2025ರಿಂದ ಶುರುವಾಗುವ ಅವಧಿಗಳಿಗೆ ಎಂಟು ವರ್ಷ ಬೇಕು. ಬಹಳ ತಡವಾಗಿ ಬಂದ ಒಳ್ಳೆಯ ಬದಲಾವಣೆ.

ನಿಜವಾದ ಪೈಪೋಟಿ ನಡೆಯುವುದು ನವೆಂಬರ್‌ನಲ್ಲಲ್ಲ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮಾರ್ಚ್‌ನ ಪ್ರೈಮರಿಯಲ್ಲಿ. ಅಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್ ಅಲ್ಲ, ಮತದಾರರು. ಪಟ್ಟೇಲ್ 2020ರಲ್ಲಿ ಸೋತಿದ್ದರು. 2022ರ ಪ್ರೈಮರಿಯಲ್ಲಿ ತಮ್ಮದೇ ಡೆಮಾಕ್ರಟಿಕ್ ಪಕ್ಷದ ಹಾಲಿ ನ್ಯಾಯಾಧೀಶರನ್ನು ಸೋಲಿಸಿದರು, ಆಮೇಲೆ ನವೆಂಬರ್‌ನಲ್ಲಿ ರಿಪಬ್ಲಿಕನ್ ಅಭ್ಯರ್ಥಿಯನ್ನು. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಹೀಗಳೆದವರಿದ್ದರು. ಪ್ರೈಮರಿಯಲ್ಲಿ ಎಲ್ಲರದೂ ಒಂದೇ ಪಕ್ಷವಾದ್ದರಿಂದ ಅಭ್ಯರ್ಥಿಯ ಬಗ್ಗೆ ಏನೂ ತಿಳಿಯದ ಮತದಾರ ಹೆಸರು ನೋಡಿ ಗುರುತು ಹಾಕುತ್ತಾನೆ, ಇಲ್ಲವೇ ಪಟ್ಟಿಯಲ್ಲಿ ಮೊದಲಿರುವವರಿಗೆ. ಆ ಕ್ರಮ ನಿರ್ಧಾರವಾಗುವುದು ಚೀಟಿ ಎತ್ತಿ. ಇಂಥ ಕಡೆ ಅಪರಿಚಿತ ಹೆಸರಿನವರು ಗೆಲ್ಲಬೇಕಾದರೆ ಮನೆಮನೆಗೆ ಹೋಗುವುದು, ಸಂಘ ಸಭೆಗಳಲ್ಲಿ ಕೈ ಕುಲುಕುವುದು ಬಿಟ್ಟರೆ ಬೇರೆ ದಾರಿ ಕಡಿಮೆ.

ಪ್ರಚಾರದಲ್ಲಿ ಹೇಳಬಹುದಾದ್ದೂ ಸ್ವಲ್ಪವೇ. ಮುಂದೆ ತಮ್ಮೆದುರು ಬರಬಹುದಾದ ಪ್ರಕರಣಗಳಲ್ಲಿ ಹೀಗೇ ತೀರ್ಪು ಕೊಡುತ್ತೇನೆಂದು ಭರವಸೆ ಕೊಡುವಂತಿಲ್ಲ. ಹಾಗಾಗಿ ಎಲ್ಲರ ಕರಪತ್ರದಲ್ಲೂ ಅನುಭವ, ನಿಷ್ಪಕ್ಷಪಾತ, ಕುಟುಂಬದ ಫೋಟೋ. ಆದರೆ ಜಾಮೀನು ಎಷ್ಟು, ಜೈಲಿನ ಬದಲು ಷರತ್ತಿನ ಮೇಲೆ ಹೊರಗಿಡುವ ಪ್ರೊಬೇಷನ್ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವವರು ಇವರೇ. ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ, ಅಂದರೆ ಹ್ಯೂಸ್ಟನ್‌ನಲ್ಲಿ, ಸಣ್ಣ ಅಪರಾಧಗಳ ಜಾಮೀನು ಪದ್ಧತಿಯ ವಿರುದ್ಧ 2016ರಲ್ಲೇ ಫೆಡರಲ್ ಕೋರ್ಟಿಗೆ ದಾವೆ ಹೋಗಿತ್ತು. 2018ರ ಚುನಾವಣೆಯಲ್ಲಿ ಆ ಕೋರ್ಟುಗಳ ನ್ಯಾಯಾಧೀಶರು ಬದಲಾದ ಮೇಲೆ, ಆ ಪದ್ಧತಿ ಬದಲಿಸಲು ಒಪ್ಪಿ 2019ರಲ್ಲಿ ರಾಜಿಯಾಯಿತು. ಜೇಬಿನಲ್ಲಿ ದುಡ್ಡಿಲ್ಲ ಎಂಬ ಕಾರಣಕ್ಕೇ ಜೈಲಿನಲ್ಲಿ ಕೊಳೆಯುವವರಿಗೆ ಈ ಮತ ಅಷ್ಟು ದೊಡ್ಡದು.

ನನ್ನ ದೊಡ್ಡ ತಕರಾರು ಹಣದ ಬಗ್ಗೆ. ನಾಮಪತ್ರದ ಶುಲ್ಕ ಫೋರ್ಟ್ ಬೆಂಡ್‌ನಂಥ ಕೌಂಟಿಯಲ್ಲಿ 1,500 ಡಾಲರ್, ಹ್ಯಾರಿಸ್‌ನಲ್ಲಿ 2,500. ಅದು ಏನೂ ಅಲ್ಲ. ದೊಡ್ಡ ಖರ್ಚು ಅಂಚೆ ಕರಪತ್ರ, ರಸ್ತೆ ಬದಿಯ ಫಲಕ, ಫೋನ್ ಸಂದೇಶಗಳದ್ದು. ಅದಕ್ಕೆ ದುಡ್ಡು ಕೊಡುವವರು ಬಹುಪಾಲು ವಕೀಲರೇ, ನಾಳೆ ಅದೇ ಕೋರ್ಟಿನಲ್ಲಿ ವಾದಿಸುವವರು. 1995ರ ಕಾನೂನು ಒಬ್ಬರು ಕೊಡುವ ದೇಣಿಗೆಗೆ ಮಿತಿ ಹಾಕಿದೆ: ಎರಡೂವರೆ ಲಕ್ಷದಿಂದ ಹತ್ತು ಲಕ್ಷ ಜನರಿರುವ ನ್ಯಾಯವ್ಯಾಪ್ತಿಯಲ್ಲಿ 2,500 ಡಾಲರ್, ಅದಕ್ಕಿಂತ ದೊಡ್ಡದಾದರೆ 5,000. ಈ ಮಿತಿ ಪ್ರತಿ ಚುನಾವಣೆಗೆ, ಅಂದರೆ ಎರಡರಲ್ಲೂ ಎದುರಾಳಿಯಿದ್ದರೆ ಪ್ರೈಮರಿಗೆ ಬೇರೆ, ನವೆಂಬರ್‌ಗೆ ಬೇರೆ. ಮಿತಿಯಿದ್ದರೂ ರೋಗ ವಾಸಿಯಾಗಿಲ್ಲ. ಬಡ ಆರೋಪಿಗಳಿಗೆ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ನೇಮಿಸುವವರೂ ನ್ಯಾಯಾಧೀಶರೇ. ಹ್ಯಾರಿಸ್ ಕೌಂಟಿಯ 2004ರಿಂದ 2018ರವರೆಗಿನ ದಾಖಲೆಗಳ ಅಧ್ಯಯನವೊಂದರಲ್ಲಿ, ದೇಣಿಗೆ ಕೊಟ್ಟ ವಕೀಲರಿಗೆ ಕೊಡದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಕರಣ ಸಿಕ್ಕಿದ್ದು ಕಂಡಿತು. ಕೈತುಂಬ ಪ್ರಕರಣ ಹಿಡಿದ ವಕೀಲ ಒಬ್ಬ ಕೈದಿಗೆ ಎಷ್ಟು ಹೊತ್ತು ಕೊಡಬಲ್ಲ? ದೇಣಿಗೆ ಕೊಟ್ಟ ವಕೀಲರಿಗೆ ಆ ಕೋರ್ಟಿನ ನೇಮಕಾತಿಯೇ ಸಿಗದಂತೆ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚುನಾವಣೆಯೇ ಬೇಡ ಎನ್ನುವವರ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಎಲ್ಲವೂ ನೇಮಕಾತಿಯಿಂದಲೇ ಆಗುವ ಕಡೆ ಪಟ್ಟೇಲ್‌ರಂಥ ವಲಸಿಗರು ಯಾರ ಕಣ್ಣಿಗೆ ಬೀಳುತ್ತಿದ್ದರು?

ಟೆಕ್ಸಾಸ್‌ನಲ್ಲಿ ಮತದ ಹಕ್ಕಿರುವ ಕನ್ನಡಿಗರಿಗೆ ಒಂದು ವಿನಂತಿ. ಮೊದಲೆಲ್ಲ ಒಂದೇ ಗುರುತು ಹಾಕಿ ಇಡೀ ಪಕ್ಷಕ್ಕೆ ಮತ ಕೊಡಬಹುದಿತ್ತು. 2020ರಿಂದ ಅದಿಲ್ಲ, ಜಡ್ಜ್‌ಗಳ ಸಾಲು ಬರುವಷ್ಟರಲ್ಲಿ ಬೇಸತ್ತು ಬಿಟ್ಟುಬಿಡುವವರು ಬಹಳ. ಪ್ರೈಮರಿಗೆ ಪಕ್ಷದ ಸದಸ್ಯತ್ವ ಬೇಕಿಲ್ಲ, ಯಾವ ಪಕ್ಷದ ಮತಪತ್ರ ಬೇಕೋ ಕೇಳಿ ಪಡೆಯಬಹುದು. ಮತದಾರರಾಗಿ ನೋಂದಣಿ ಮಾತ್ರ 30 ದಿನ ಮೊದಲೇ ಆಗಿರಬೇಕು. ಜಿಲ್ಲಾ ನ್ಯಾಯಾಧೀಶ ಅಭ್ಯರ್ಥಿಗಳ ದೇಣಿಗೆ ಲೆಕ್ಕ ಟೆಕ್ಸಾಸ್ ಎಥಿಕ್ಸ್ ಕಮಿಷನ್ನಿನ ಜಾಲತಾಣದಲ್ಲಿದೆ, ಯಾವ ವಕೀಲರು ಎಷ್ಟು ಕೊಟ್ಟಿದ್ದಾರೆ ಎಂದು ಮನೆಯಲ್ಲೇ ನೋಡಿ. ನಿಮ್ಮ ಆಯ್ಕೆಗಳನ್ನು ಕಾಗದದಲ್ಲಿ ಬರೆದು ಒಯ್ಯಿರಿ, ಮತಗಟ್ಟೆಯಿಂದ 100 ಅಡಿಯೊಳಗೆ ಮೊಬೈಲ್ ಬಳಸುವಂತಿಲ್ಲ.